ಬಿಸಿಲು ಬಂದ ಮೇಲೂ ಮನೆಯಲ್ಲಿ ಬ್ರೆಡ್ ಮಾಡ್ತೀರಾ?

ಶಿವರಾತ್ರಿ ಮುಗಿದರೆ ಸಾಕು, ವಿಜಯಪುರದಲ್ಲಿ ನನಗೆ ಈ ಪ್ರಶ್ನೆ ಶುರು. "ವೈನಿ, ಬಿಸಲ ಹಿಂಗ ಹೊಡಿಲಿಕ್ಕತ್ತೈತಿ, ಇನ್ನ ಬ್ರೆಡ್ ಹೆಂಗ ಮಾಡ್ತೀರಿ? ಹಿಟ್ಟು ಹುಳಿ ಆಗೂದಿಲ್ಲೇನು?"

ಮಾಡುತ್ತೇನೆ. ಅಷ್ಟೇ ಅಲ್ಲ, ಹೊಸದಾಗಿ ಕಲಿಯುವವರಿಗೆ ಶಿವರಾತ್ರಿಯಿಂದ ಯುಗಾದಿವರೆಗಿನ ದಿನಗಳೇ ಒಳ್ಳೆಯವು ಅನ್ನುತ್ತೇನೆ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಉಬ್ಬಲಿಲ್ಲ ಎಂದು ಡಬ್ಬಿಗೆ ಟವೆಲ್ ಸುತ್ತಿ ಕಾಯುವ ಕಾಟ ಈಗ ಇಲ್ಲ. ಈಗಿನ ಕಾಟ ಬೇರೆ. ಹಿಟ್ಟು ನಮ್ಮನ್ನು ಬಿಟ್ಟು ಮುಂದೆ ಓಡುತ್ತದೆ.

ತಪ್ಪು ಇರುವುದು ಬಿಸಿಲಿನಲ್ಲಿ ಅಲ್ಲ, ನಾವು ಓದುವ ರೆಸಿಪಿಯಲ್ಲಿ. "ಬೆಚ್ಚಗಿನ ನೀರಿನಲ್ಲಿ ಈಸ್ಟ್ ಕರಗಿಸಿ, ಬೆಚ್ಚಗಿನ ಜಾಗದಲ್ಲಿ ಒಂದು ತಾಸು ಇಡಿ" ಎಂದು ಬರೆದವರ ಅಡುಗೆಮನೆ 20 ಡಿಗ್ರಿ ಇರುತ್ತದೆ. ಮಾರ್ಚ್ ಸಂಜೆ ನಮ್ಮ ಅಡುಗೆಮನೆ 33-34. ಬೆಚ್ಚಗಿನ ಜಾಗ ಹುಡುಕುವುದೇನು ಬಂತು, ಇಡೀ ಮನೆಯೇ ಬೆಚ್ಚಗಿದೆ! ಇಲ್ಲಿ ಗಡಿಯಾರ ನೋಡುತ್ತ ಕೂತರೆ ಹಿಟ್ಟು ಅತಿಯಾಗಿ ಹುದುಗುತ್ತದೆ. ಹಾಗಾದ ಹಿಟ್ಟು ಅಂಟಂಟಾಗುತ್ತದೆ, ಹುಳಿ ವಾಸನೆ ಹೊಡೆಯುತ್ತದೆ, ಓವನ್ನಿನಲ್ಲಿ ಕುಸಿಯುತ್ತದೆ. ಬ್ರೆಡ್ಡಿನ ಮೇಲೆ ಬಣ್ಣವೂ ಬರುವುದಿಲ್ಲ. ಬಣ್ಣ ಕೊಡಬೇಕಾದ ಸಕ್ಕರೆಯನ್ನು ಈಸ್ಟ್ ಮೊದಲೇ ತಿಂದು ಮುಗಿಸಿರುತ್ತದೆ.

ಬೇಕರಿಯವರು ಇದಕ್ಕೆ ಒಂದು ಸುಲಭ ಲೆಕ್ಕ ಇಟ್ಟುಕೊಂಡಿರುತ್ತಾರೆ. ನಾದಿದ ಹಿಟ್ಟು ಸುಮಾರು 25 ಡಿಗ್ರಿ ಇರಬೇಕು. 25ನ್ನು ಮೂರರಿಂದ ಗುಣಿಸಿದರೆ 75. ಅದರಲ್ಲಿ ಕೋಣೆಯ ಬಿಸಿ, ಒಣ ಹಿಟ್ಟಿನ ಬಿಸಿ ಎರಡನ್ನೂ ಕಳೆಯಿರಿ. ಉಳಿದದ್ದು ನೀರಿನ ಬಿಸಿ. ಜನವರಿಯಲ್ಲಿ ಎರಡೂ 24 ಇದ್ದರೆ ನೀರು 27 ಡಿಗ್ರಿ, ಅಂದರೆ ನಲ್ಲಿ ನೀರೇ ಸಾಕು. ಮಾರ್ಚ್‌ನಲ್ಲಿ ಎರಡೂ 34 ಆದರೆ ನೀರು 7 ಡಿಗ್ರಿ! ನಮ್ಮ ಒಣಹವೆಯಲ್ಲಿ ಹರವಿಯ ನೀರು ಎಷ್ಟೇ ತಣ್ಣಗಿದ್ದರೂ ಇಷ್ಟು ತಣ್ಣಗಾಗುವುದಿಲ್ಲ. ಫ್ರಿಜ್ ನೀರೇ ಬೇಕು. ಇದು ಕೈಯಿಂದ ನಾದುವವರ ಲೆಕ್ಕ. ಮಷೀನಿನಲ್ಲಿ ನಾದಿದರೆ ಅದರ ಬಿಸಿಯೂ ಸೇರುವುದರಿಂದ ನೀರು ಇನ್ನೂ ತಣ್ಣಗಿರಬೇಕು.

ಒಣ ಹಿಟ್ಟಿನ ಬಿಸಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಿರಣಿಯಿಂದ ಆಗಷ್ಟೇ ಬೀಸಿ ತಂದ ಹಿಟ್ಟಿನ ಡಬ್ಬಿಯಲ್ಲಿ ಕೈ ಇಟ್ಟು ನೋಡಿ, ಸುಡುತ್ತದೆ. ಅದರಲ್ಲಿ ಅವತ್ತೇ ಬ್ರೆಡ್ ಮಾಡಬೇಡಿ. ಒಂದು ರಾತ್ರಿ ಆರಲಿ.

ಹಿಟ್ಟಿನ ಮಾತು ಬಂದಾಗ ಇನ್ನೊಂದು. ನಮ್ಮ ಎರೆಭೂಮಿಯ ಹಿಂಗಾರಿ ಗೋಧಿ ಮನೆಗೆ ಬರುವುದೂ ಇದೇ ಹೊತ್ತಿಗೆ. ಹೊಸ ಗೋಧಿ ಬಂತು ಎಂದು ಪೂರ್ತಿ ಅದರಲ್ಲೇ ಬ್ರೆಡ್ ಮಾಡುವ ಆಸೆ ಬೇಡ. ತವಡು ಇರುವ ಹಿಟ್ಟು ಜಾಸ್ತಿ ಎತ್ತರಕ್ಕೆ ಉಬ್ಬುವುದಿಲ್ಲ. ನಾನು 300 ಗ್ರಾಂ ಮೈದಾಕ್ಕೆ 200 ಗ್ರಾಂ ಗಿರಣಿ ಹಿಟ್ಟು ಹಾಕುತ್ತೇನೆ. ಜವೆ ಗೋಧಿಯನ್ನು ಮಾತ್ರ ಹುಗ್ಗಿಗೆ ಬಿಟ್ಟುಬಿಡಿ. ಅದರ ಅಂಟು (ಗ್ಲುಟೆನ್) ತೀರಾ ಮೆತ್ತಗೆ, ಗಾಳಿ ಹಿಡಿದು ನಿಲ್ಲುವುದಿಲ್ಲ. ಇನ್ನು ಜೋಳದ ಹಿಟ್ಟು ಹಾಕಬಹುದಾ ಎಂದು ಕೇಳುವವರೂ ಇದ್ದಾರೆ. ಜೋಳದಲ್ಲಿ ಆ ಅಂಟೇ ಇಲ್ಲ. ಅದಕ್ಕೆ ರೊಟ್ಟಿ ಇದೆಯಲ್ಲ, ಸುಮ್ನೆ ಯಾಕೆ ಕಾಡಬೇಕು?

ಈ 500 ಗ್ರಾಂ ಹಿಟ್ಟಿಗೆ 10 ಗ್ರಾಂ ಉಪ್ಪು, ಎರಡು ಚಮಚ ಶೇಂಗಾ ಎಣ್ಣೆ, ಸುಮಾರು 330 ಗ್ರಾಂ ನೀರು. ಗಿರಣಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತದೆ, ಗಟ್ಟಿ ಅನ್ನಿಸಿದರೆ ಸ್ವಲ್ಪ ಸೇರಿಸಿ. ಚಳಿಗಾಲದಲ್ಲಿ 4 ಗ್ರಾಂ ಇನ್‌ಸ್ಟಂಟ್ ಈಸ್ಟ್ ಹಾಕುತ್ತಿದ್ದರೆ ಈಗ 2 ಗ್ರಾಂ ಸಾಕು. ಉಪ್ಪು ಮಾತ್ರ ಕಡಿಮೆ ಮಾಡಬೇಡಿ, ಈಸ್ಟಿಗೆ ಲಗಾಮು ಹಾಕುವುದು ಅದೇ. ಒಡೆದ ಈಸ್ಟ್ ಪ್ಯಾಕೆಟ್ ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ಇರಲಿ.

ರಾತ್ರಿ ಊಟ ಆದ ಮೇಲೆ ನಾದುತ್ತೇನೆ. ಅರ್ಧ ತಾಸು ಕಟ್ಟೆಯ ಮೇಲೆ ಇಟ್ಟು, ಮುಚ್ಚಳ ಹಾಕಿ, ಫ್ರಿಜ್ಜಿನ ಒಳಮೂಲೆಗೆ ತಳ್ಳಿಬಿಡುತ್ತೇನೆ. ಬಾಗಿಲ ಹತ್ತಿರ ಬೇಡ, ಬೇಸಿಗೆಯಲ್ಲಿ ಮನೆಯವರೆಲ್ಲ ನೀರಿಗಾಗಿ ಫ್ರಿಜ್ ತೆಗೆಯುತ್ತಲೇ ಇರುತ್ತಾರೆ. ಒಳಗೆ ಹಿಟ್ಟು ನಿಧಾನವಾಗಿ ಹುದುಗುತ್ತದೆ, ರುಚಿಯೂ ಕೂಡುತ್ತದೆ. ಬೆಳಿಗ್ಗೆ 5ಕ್ಕೆ ತೆಗೆದು, ಸುರುಳಿ ಸುತ್ತಿ, ಎಣ್ಣೆ ಸವರಿದ ಟಿನ್ನಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚುತ್ತೇನೆ. ಬಟ್ಟೆ ಇಲ್ಲದಿದ್ದರೆ ನಮ್ಮ ಒಣಗಾಳಿಗೆ ಮೇಲೆ ಚರ್ಮ ಕಟ್ಟಿ ಹಿಟ್ಟು ಏಳುವುದಿಲ್ಲ. ಒಂದೂಕಾಲು ತಾಸಿನ ಸುಮಾರಿಗೆ ಬೆರಳಿನಿಂದ ಒತ್ತಿ ನೋಡಿ. ಗುಳಿ ನಿಧಾನವಾಗಿ ಅರ್ಧ ತುಂಬಿದರೆ ಓವನ್ನಿಗೆ ಹೋಗಲಿ. ತಟ್ಟನೆ ತುಂಬಿದರೆ ಇನ್ನೂ ಸ್ವಲ್ಪ ತಡೆಯಿರಿ. ತುಂಬಲೇ ಇಲ್ಲ ಅಂದರೆ ತಡವಾಗಿದೆ.

ಓಟಿಜಿಯಲ್ಲಿ, ಅಂದರೆ ಮನೆಯ ಪುಟ್ಟ ಕರೆಂಟ್ ಓವನ್ನಿನಲ್ಲಿ, 200 ಡಿಗ್ರಿಗೆ 35-40 ನಿಮಿಷ. ಬಿಸಿಲು ಏರುವ ಮೊದಲು ಓವನ್ ಬಂದ್. ಕರೆಂಟು ನಡುವೆ ಹೋದರೆ ಬಾಗಿಲು ತೆಗೆಯಬೇಡಿ, ಒಳಗಿನ ಬಿಸಿ ಒಂದಷ್ಟು ಹೊತ್ತು ಕೆಲಸ ಮಾಡುತ್ತಿರುತ್ತದೆ.

ಮನೆಯ ಬ್ರೆಡ್ಡಿಗೆ ಕೆಡದಂತೆ ತಡೆಯುವ ಪುಡಿ ಏನೂ ಹಾಕಿರುವುದಿಲ್ಲ, ಹಾಗಾಗಿ ಎರಡು ದಿನದಲ್ಲಿ ಮುಗಿಸಿ. ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಟ್ಟರೆ ಹೊರಗಿಗಿಂತ ಬೇಗ ಬಿರುಸಾಗುತ್ತದೆ. ತವೆಯ ಮೇಲೆ ಬಿಸಿ ಮಾಡಿ ಗಟ್ಟಿ ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ) ಹಚ್ಚಿಕೊಂಡು ತಿನ್ನಿ. ನಮ್ಮ ಮನೆಯಲ್ಲಿ ಜಾಮ್ ಕೇಳುವವರೇ ಇಲ್ಲ.

ಮೇ ತಿಂಗಳಲ್ಲೂ ಮಾಡ್ತೀರಾ ಅಂದರೆ, ಇಲ್ಲ. 40 ದಾಟಿದ ಮೇಲೆ ಓವನ್ ಹಚ್ಚುವ ಹಟ ನನಗಿಲ್ಲ. ಆಗ ಬೇಕರಿಯ ಪಾವ್ ತರುತ್ತೇನೆ. ಮಳೆ ಬಿದ್ದ ಮೇಲೆ ಮತ್ತೆ ಶುರು.