ಹೆವಿ ಮೆಟಲ್ ಸಂಗೀತಗಾರರ ಆತ್ಮಕಥೆಗಳಲ್ಲಿ ಓದುವಂಥದ್ದು ಏನಿದೆ?

ಏನು ಓದುತ್ತಿದ್ದೀರಿ ಎಂದು ವಿಚಾರಿಸಿದವರಿಗೆ ಹೆವಿ ಮೆಟಲ್ ಸಂಗೀತಗಾರರ ಆತ್ಮಕಥೆ ಎಂದು ಹೇಳಿದರೆ, ಅವರ ಮುಂದಿನ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಕುಡಿತ, ಮಾದಕವಸ್ತು, ಹೋಟೆಲ್ ಕೋಣೆಯ ಸಾಮಾನು ಪುಡಿಗಟ್ಟಿದ ಸಾಹಸ, ಇಷ್ಟನ್ನು ಬಿಟ್ಟರೆ ಆ ಪುಸ್ತಕಗಳಲ್ಲಿ ಓದುವಂಥದ್ದು ಏನಿದೆ? ಅಬ್ಬರದ ಗಿಟಾರ್ ನಾದದ ಈ ರಾಕ್ ಸಂಗೀತವನ್ನು ಸಹಿಸದವರು ಮಾತ್ರವಲ್ಲ, ದಿನವೂ ಕೇಳುವ ಗೆಳೆಯರೂ ಹೀಗೆಯೇ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಈ ಪ್ರಕಾರದ ಒಳ್ಳೆಯ ಪುಸ್ತಕಗಳೆಲ್ಲ ಮೂಲತಃ ದುಡಿಮೆಯ ಪುಸ್ತಕಗಳು. ಕಾರ್ಖಾನೆಯಲ್ಲಿ ಕೈ ಸವೆಸಬೇಕಾಗಿದ್ದ ಹುಡುಗರು ಅದೇ ಕೈಯಿಂದ ಒಂದು ಹೊಸ ನಾದವನ್ನು ಹೇಗೆ ಕಟ್ಟಿದರು, ಆ ನಾದ ಅವರಿಂದ ಏನೇನನ್ನು ವಸೂಲು ಮಾಡಿತು ಎನ್ನುವುದು ಇವುಗಳಲ್ಲಿ ಸಿಗುವಷ್ಟು ವಿವರವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಟೋನಿ ಐಯೋಮಿಯವರ 'ಐರನ್ ಮ್ಯಾನ್' (2011) ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ. ಬ್ಲ್ಯಾಕ್ ಸಬ್ಬತ್ ತಂಡದ ಈ ಗಿಟಾರ್ ವಾದಕರು 1948ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹುಟ್ಟಿದವರು, ಅಲ್ಲಿನ ಆ್ಯಸ್ಟನ್ ಎಂಬ ಕಾರ್ಮಿಕರ ಬಡಾವಣೆಯ ಹುಡುಗ. ಹದಿನೇಳನೆಯ ವಯಸ್ಸಿನಲ್ಲಿ ಅವರು ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸದಲ್ಲಿದ್ದರು. ಜರ್ಮನಿಗೆ ಹೊರಟಿದ್ದ ಬ್ಯಾಂಡೊಂದರಲ್ಲಿ ಅವಕಾಶ ಸಿಕ್ಕಿದ್ದರಿಂದ ಕೆಲಸ ಬಿಡುವುದಾಗಿ ತಿಳಿಸಿಯಾಗಿತ್ತು. ಅಂದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಇನ್ನು ಹೋಗುವುದಿಲ್ಲ ಎಂದರೂ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಬಾರದು ಎಂದು ತಾಯಿ ತಿರುಗಿ ಕಳುಹಿಸಿದರು. ತಗಡು ಬಗ್ಗಿಸುವ ಯಂತ್ರದ ಕೆಲಸಗಾರ ಆ ದಿನ ಬಂದಿರಲಿಲ್ಲವಾದ್ದರಿಂದ, ಅಭ್ಯಾಸವೇ ಇಲ್ಲದ ಆ ಯಂತ್ರದ ಮುಂದೆ ಈ ಹುಡುಗನನ್ನು ನಿಲ್ಲಿಸಲಾಯಿತು. ಯಂತ್ರ ಬಲಗೈಯ ಮೇಲೆ ಇಳಿಯಿತು; ಕೈ ಎಳೆದುಕೊಂಡಾಗ ನಡುಬೆರಳಿನ ಮತ್ತು ಉಂಗುರದ ಬೆರಳಿನ ತುದಿಗಳು ಹೋಗಿದ್ದವು. ಐಯೋಮಿ ಎಡಗೈ ವಾದಕರು, ಅಂದರೆ ತಂತಿಗಳನ್ನು ಒತ್ತಿ ಹಿಡಿಯಬೇಕಾದದ್ದು ಆ ಬಲಗೈಯೇ.

ಮುಂದಿನ ಪುಟಗಳನ್ನು ನಾನು ಮತ್ತೆಮತ್ತೆ ಓದಿದ್ದೇನೆ. ಇನ್ನು ನುಡಿಸಲಾರೆ ಎಂದು ಕುಸಿದು ಕುಳಿತ ಹುಡುಗನ ಬಳಿಗೆ ಕಾರ್ಖಾನೆಯ ಮೇಲಧಿಕಾರಿ ಬಂದು ಜಾಂಗೋ ರೈನ್‌ಹಾರ್ಟ್ ಅವರ ಒಂದು ರೆಕಾರ್ಡು ಕೇಳಿಸುತ್ತಾರೆ. ಬೆಂಕಿ ಅವಘಡದಲ್ಲಿ ಎರಡು ಬೆರಳುಗಳ ಶಕ್ತಿ ಕಳೆದುಕೊಂಡ ಮೇಲೂ ಆ ಜ್ಯಾಸ್ ಗಿಟಾರ್ ವಾದಕರು ಹಾಗೆ ನುಡಿಸುತ್ತಿದ್ದರು. ಅನಂತರ ಐಯೋಮಿ ಪಾತ್ರೆ ತೊಳೆಯುವ ದ್ರಾವಣದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಉಂಡೆ ಮಾಡಿ, ಕಾದ ಕಡ್ಡಿಯಿಂದ ಅದರಲ್ಲಿ ತೂತು ಮಾಡಿ, ಬೆರಳಿಗೆ ಸರಿಹೊಂದುವವರೆಗೆ ಉಜ್ಜಿ ಉಜ್ಜಿ ಟೋಪಿಯ ಆಕಾರಕ್ಕೆ ತಂದರು. ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು. ಹಳೆಯ ಜಾಕೆಟ್ಟಿನಿಂದ ಚರ್ಮದ ತುಂಡು ಕತ್ತರಿಸಿ ಅಂಟಿಸಿದರು. ಆಗಲೂ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುತ್ತಿರಲಿಲ್ಲ, ಎಷ್ಟು ಒತ್ತಬೇಕೆಂದು ಕಿವಿಯಿಂದಲೇ ಕಲಿಯಬೇಕಾಯಿತು. ಅಂಗಡಿಯಲ್ಲಿ ಸಿಗುತ್ತಿದ್ದ ಗಿಟಾರ್ ತಂತಿಗಳು ದಪ್ಪವಾಗಿ ನೋವು ಕೊಡುತ್ತಿದ್ದುದರಿಂದ ಬ್ಯಾಂಜೊ ವಾದ್ಯದ ತೆಳು ತಂತಿಗಳನ್ನು ಕಟ್ಟಿಕೊಂಡರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮಿನ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರಗಳಷ್ಟು ಕೆಳಗಿಳಿಸಿದರು. ತಂತಿ ಸಡಿಲವಾಗಿ ಬೆರಳಿಗೆ ಹಿತವಾಯಿತು, ನಾದ ಗುಡುಗಿನಷ್ಟು ಭಾರವಾಯಿತು. ಇಂದು ಜಗತ್ತಿನ ಎಷ್ಟೋ ಬ್ಯಾಂಡುಗಳು ಹುಟ್ಟಿನಿಂದಲೇ ತಮ್ಮದೆಂಬಂತೆ ಬಳಸುವ ತಗ್ಗು ಶ್ರುತಿಯ ಹಿಂದೆ ಈ ಬೆರಳುಗಳ ನೋವೂ ಇದೆ.

ಒಂದು ಅಪಘಾತದಿಂದ ಹೆವಿ ಮೆಟಲ್ ಹುಟ್ಟಿತು ಎಂದು ಬರೆಯುವುದು ರೂಢಿಯಾಗಿದೆ. ಪುಸ್ತಕ ಓದಿದವರಿಗೆ ಆ ಮಾತು ಒಪ್ಪಿಗೆಯಾಗದು. ಅಪಘಾತ ಕ್ಷಣಮಾತ್ರದ್ದು, ಅದರ ನಂತರ ಪ್ಲಾಸ್ಟಿಕ್ ಉಜ್ಜುತ್ತಾ, ಚರ್ಮ ಅಂಟಿಸುತ್ತಾ, ತಂತಿ ಬದಲಿಸುತ್ತಾ ಕಳೆದ ಕಾಲ ದೀರ್ಘವಾದದ್ದು. ತಗಡಿನ ಕೆಲಸ ಕಲಿತ ಕೈಗೆ ಮಾತ್ರ ಒಲಿಯುವಂಥ ದುರಸ್ತಿ ಅದು. ಹಾಡು ಕೇಳಿದರೆ ಈ ವಿವರ ಸಿಗುವುದಿಲ್ಲ, ಪುಸ್ತಕದಲ್ಲಿ ಸಿಗುತ್ತದೆ.

ಅದೇ ತಂಡದ ಗಾಯಕ ಆಝಿ ಆಸ್ಬರ್ನ್ ಅವರ 'ಐ ಆಮ್ ಆಝಿ' (2009) ಹೆಸರಾದದ್ದು ಅದರ ಹುಚ್ಚಾಟದ ಪ್ರಸಂಗಗಳಿಂದ. ನನಗೆ ಮುಖ್ಯವಾದವು ಮೊದಲ ಅಧ್ಯಾಯಗಳು. ಶಾಲೆ ಬಿಟ್ಟ ಹುಡುಗ ಕಸಾಯಿಖಾನೆಯಲ್ಲಿ ಕುರಿಗಳ ಹೊಟ್ಟೆ ಖಾಲಿ ಮಾಡುತ್ತಾನೆ. ತಾಯಿ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಕಾರಿನ ಹಾರ್ನುಗಳ ಸದ್ದನ್ನು ಹೊಂದಿಸುವ ಕೆಲಸ ಹಿಡಿಯುತ್ತಾನೆ. ಪಕ್ಕದಲ್ಲಿ ಕೂತ ಹಿರಿಯ ಕೆಲಸಗಾರರು ಸುಮಾರು ಮೂವತ್ತು ವರ್ಷ ಅದೇ ಹಾರ್ನುಗಳ ನಡುವೆ ಕಳೆದು, ನಿವೃತ್ತಿಯ ದಿನ ಸಿಗುವ ಚಿನ್ನದ ಗಡಿಯಾರಕ್ಕಾಗಿ ಕಾಯುತ್ತಿರುತ್ತಾರೆ. ಆ ಗಡಿಯಾರದ ಮಾತು ಕೇಳಿದ ಹುಡುಗನಿಗೆ ಆಗುವ ದಿಗಿಲು ಇಡೀ ಪುಸ್ತಕದಲ್ಲೇ ಅತ್ಯಂತ ನಿಜವಾದ ಭಾವ. ಕಳ್ಳತನ ಮಾಡಿ ಸಿಕ್ಕಿಬಿದ್ದಾಗ ತಂದೆ ದಂಡ ಕಟ್ಟಲೊಪ್ಪದೆ ಮಗನನ್ನು ಜೈಲಿಗೆ ಹೋಗಲು ಬಿಟ್ಟದ್ದೂ ಇದೇ ಪುಟಗಳಲ್ಲಿ ಬರುತ್ತದೆ. 2025ರ ಜುಲೈ 5ರಂದು ಆಝಿ ತಮ್ಮ ಕಡೆಯ ಕಾರ್ಯಕ್ರಮವನ್ನು ನೀಡಿದ್ದು ಆ್ಯಸ್ಟನ್‌ನಲ್ಲೇ ಇರುವ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ. ಅದೇ ತಿಂಗಳು 22ರಂದು ತೀರಿಕೊಂಡರು. ಆ ಅಧ್ಯಾಯಗಳನ್ನು ಓದಿದವರಿಗೆ, ಅವರು ಅಲ್ಲಿಗೇ ಮರಳಿ ಬಂದು ಹಾಡಿದ್ದು ಏಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ತಂಡದ ಬೇಸ್ ಗಿಟಾರ್ ವಾದಕ ಗೀಜರ್ ಬಟ್ಲರ್ ಅವರ 'ಇನ್‌ಟು ದಿ ವಾಯ್ಡ್' (2023) ಇವೆರಡಕ್ಕಿಂತ ಮೆಲುದನಿಯ ಪುಸ್ತಕ. ತಂಡದ ಹಾಡುಗಳ ಸಾಹಿತ್ಯವನ್ನು ಬಹುಪಾಲು ಬರೆದವರು ಇವರು. ಐರಿಶ್ ಕ್ಯಾಥೊಲಿಕ್ ಕುಟುಂಬದಲ್ಲಿ ಬೆಳೆದು, ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದವರು. ಖಿನ್ನತೆಯಿಂದ ಬಳಲುತ್ತಾ ವೈದ್ಯರ ಬಳಿ ಹೋದರೆ, ನಾಯಿಯನ್ನು ಸುತ್ತಾಡಿಸು, ಪಬ್ಬಿಗೆ ಹೋಗಿ ಒಂದೆರಡು ಗ್ಲಾಸು ಕುಡಿ ಎಂಬ ಸಲಹೆ ಸಿಗುತ್ತಿದ್ದ ಕಾಲ ಅದು. 1970ರ 'ಪ್ಯಾರನಾಯ್ಡ್' ಹಾಡಿನ ಸಾಲುಗಳು ಆ ಮನಃಸ್ಥಿತಿಯಿಂದ ಬಂದವು. ಸೈತಾನನ ಸಂಗೀತವೆಂದು ಧರ್ಮಗುರುಗಳು ಹೆದರಿಸುತ್ತಿದ್ದ ಹಾಡೊಂದು, ಚಿಕಿತ್ಸೆ ಸಿಗದ ಯುವಕನ ನೇರ ಅಳಲಾಗಿತ್ತು ಎಂದು ತಿಳಿದ ಮೇಲೆ ಅದನ್ನು ನಾನು ಕೇಳುವ ಬಗೆಯೇ ಬದಲಾಯಿತು.

ಹಾಗಾದರೆ ಹುಚ್ಚಾಟದ ಪುಸ್ತಕಗಳು ಇಲ್ಲವೇ? ಇವೆ, ಅವೇ ಹೆಚ್ಚು ಮಾರಾಟವಾಗಿವೆ. ಮಾಟ್ಲಿ ಕ್ರೂ ತಂಡದ 'ದಿ ಡರ್ಟ್' (2001) ಅವುಗಳಲ್ಲಿ ಅಗ್ರಗಣ್ಯ. ನಾಲ್ವರು ಸದಸ್ಯರು ಒಂದೇ ಘಟನೆಯನ್ನು ಬೇರೆಬೇರೆಯಾಗಿ ಹೇಳುವ ಅದರ ರಚನೆ ಜಾಣತನದ್ದು. ಆದರೆ ಅದರಲ್ಲಿ ಹೆಂಗಸರು ಬಂದುಹೋಗುವ ರೀತಿ ನನಗೆ ಸಹಿಸಲಾಗದ್ದು: ಹೆಸರಿಲ್ಲ, ಮಾತಿಲ್ಲ, ಗಂಡಸರ ಪರಾಕ್ರಮಕ್ಕೆ ಸಾಕ್ಷಿಯಾಗಿ ಮಾತ್ರ ಇದ್ದಾರೆ. ತಂಡದ ನಿಕ್ಕಿ ಸಿಕ್ಸ್ ಅವರೇ 2019ರಲ್ಲಿ, ಪುಸ್ತಕದ ಅತ್ಯಂತ ಕ್ರೂರ ಪ್ರಸಂಗವೊಂದನ್ನು ಕುರಿತು, ತಾನು ಅದನ್ನು ಉತ್ಪ್ರೇಕ್ಷೆ ಮಾಡಿಯೋ ಕಟ್ಟಿಯೋ ಹೇಳಿರಬಹುದು ಎಂದರು. ಇಂಥ ಪುಸ್ತಕಗಳ ಜೊತೆಗೆ ಲೈನಾ ಡಾಸ್ ಅವರ 2012ರ ಪುಸ್ತಕವನ್ನು ಓದಬೇಕು. ಕಪ್ಪು ಜನಾಂಗದ ಕೆನಡಾದ ಈ ಲೇಖಕಿ, ಮೆಟಲ್ ಕಾರ್ಯಕ್ರಮಗಳಲ್ಲಿ ತನ್ನಂಥವರು 'ನೀನಿಲ್ಲಿ ಏನು ಮಾಡುತ್ತಿದ್ದೀ' ಎಂಬ ಪ್ರಶ್ನೆಯನ್ನು ಎದುರಿಸಬೇಕಾದುದನ್ನೇ ಪುಸ್ತಕದ ಹೆಸರಾಗಿಸಿ, ಅದೇ ಅನುಭವದ ಇತರ ಹೆಂಗಸರ ಮಾತುಗಳನ್ನೂ ದಾಖಲಿಸಿದ್ದಾರೆ.

ಜ್ಯೂಡಾಸ್ ಪ್ರೀಸ್ಟ್ ತಂಡದ ಗಾಯಕ ರಾಬ್ ಹಾಲ್‌ಫರ್ಡ್ ಅವರ 'ಕನ್ಫೆಸ್' (2020) ದುಡಿಮೆಯ ಇನ್ನೊಂದು ಬಗೆಯನ್ನು ತೋರಿಸುತ್ತದೆ: ಬಚ್ಚಿಡುವ ದುಡಿಮೆ. ಚರ್ಮದ ಉಡುಪು, ಲೋಹದ ಮೊಳೆಗಳ ವೇಷವನ್ನು ಈ ಸಂಗೀತಕ್ಕೆ ಸಮವಸ್ತ್ರವಾಗಿಸಿದವರಲ್ಲಿ ಮೊದಲಿಗರಾದ ಅವರು ಸಲಿಂಗಿ. ಅದು ಹೊರಬಿದ್ದರೆ ತಂಡವೇ ಮುಳುಗುತ್ತದೆಂಬ ಭಯದಲ್ಲಿ ಹಲವು ದಶಕ ಬಾಯಿಮುಚ್ಚಿಕೊಂಡಿದ್ದು, 1998ರಲ್ಲಿ ದೂರದರ್ಶನದ ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು. ಅಭಿಮಾನಿಗಳು ಅವರನ್ನು ಕೈಬಿಡಲಿಲ್ಲ. ಇದೇ ಪುಸ್ತಕದಲ್ಲಿ 1990ರ ನೆವಾಡಾ ಮೊಕದ್ದಮೆಯ ವಿವರವಿದೆ. ತಂಡದ ಹಾಡಿನಲ್ಲಿ ಅಡಗಿದ್ದ ಗುಪ್ತ ಸಂದೇಶವೇ ಇಬ್ಬರು ಯುವಕರನ್ನು ಗುಂಡು ಹಾರಿಸಿಕೊಳ್ಳಲು ಪ್ರೇರಿಸಿತು ಎಂದು ಅವರ ಕುಟುಂಬಗಳು ದಾವೆ ಹೂಡಿದ್ದವು. ಹಾಲ್‌ಫರ್ಡ್ ನ್ಯಾಯಾಲಯದಲ್ಲಿ ಪಕ್ಕವಾದ್ಯವಿಲ್ಲದೆ ಹಾಡಬೇಕಾಯಿತು. ಹಾಡನ್ನು ಹಿಂದುಮುಂದಾಗಿ ನುಡಿಸಿದರೆ ಯಾವ ಅಸಂಬದ್ಧ ಮಾತನ್ನಾದರೂ ಕೇಳಿಸಿಕೊಳ್ಳಬಹುದೆಂದು ತೋರಿಸಲು, ತಂಡದ ಒಂದು ಹಾಡಿನಲ್ಲಿ 'ಅಮ್ಮಾ, ನನ್ನ ಕುರ್ಚಿ ಮುರಿದಿದೆ' ಎಂಬ ಮಾತನ್ನು ಹುಡುಕಿ ಕೇಳಿಸಿದರು. ಸಂದೇಶವೆಂದು ಶಂಕಿಸಿದ ಸದ್ದು ಗಾಯಕನ ನಿಶ್ಶ್ವಾಸವೂ ಗಿಟಾರಿನ ಸದ್ದೂ ಆಕಸ್ಮಿಕವಾಗಿ ಕೂಡಿ ಆದದ್ದೆಂದು ನ್ಯಾಯಾಧೀಶರು ತೀರ್ಮಾನಿಸಿ ದಾವೆಯನ್ನು ವಜಾ ಮಾಡಿದರು. ಒಂದು ಉಸಿರಿನ ಮೇಲೆ ಇಷ್ಟು ವಾದ ನಡೆಯಿತು!

ನಮ್ಮೂರಿನವರಿಗೆ ಹತ್ತಿರದ ಪುಸ್ತಕವೆಂದರೆ ಲ್ಯಾಂಬ್ ಆಫ್ ಗಾಡ್ ತಂಡದ ಗಾಯಕ ರ‍್ಯಾಂಡಿ ಬ್ಲೈತ್ ಅವರ 'ಡಾರ್ಕ್ ಡೇಸ್' (2015). 2010ರ ಮೇ ತಿಂಗಳಲ್ಲಿ ಆ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತ್ತು. ಅದೇ ತಿಂಗಳು ಚೆಕ್ ದೇಶದ ಪ್ರಾಗ್ ನಗರದ ಕಾರ್ಯಕ್ರಮದಲ್ಲಿ ವೇದಿಕೆಯಿಂದ ಕೆಳಗೆ ಬಿದ್ದ ಯುವ ಅಭಿಮಾನಿಯೊಬ್ಬರು ತಲೆಗೆ ಪೆಟ್ಟಾಗಿ ಮುಂದೆ ತೀರಿಕೊಂಡರು. ತಂಡಕ್ಕೆ ಇದು ತಿಳಿದದ್ದು ಎರಡು ವರ್ಷಗಳ ನಂತರ, 2012ರ ಜೂನಿನಲ್ಲಿ, ಪ್ರಾಗ್ ವಿಮಾನ ನಿಲ್ದಾಣದಲ್ಲಿ ಪೊಲೀಸರು, ಆ ಅಭಿಮಾನಿಯನ್ನು ವೇದಿಕೆಯಿಂದ ತಳ್ಳಿದ ಆರೋಪದ ಮೇಲೆ, ಬ್ಲೈತ್ ಅವರನ್ನು ಬಂಧಿಸಿದಾಗ. ಐದು ವಾರ ಪ್ಯಾಂಕ್ರಾಟ್ಸ್ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಅಮೆರಿಕಕ್ಕೆ ಮರಳಿದ ಅವರು, ಅಲ್ಲಿಯೇ ಉಳಿದುಬಿಡಬಹುದಾಗಿದ್ದರೂ, ಸತ್ತವನ ತಂದೆತಾಯಿಗೆ ಉತ್ತರ ಸಿಗಬೇಕೆಂದು ತಾವಾಗಿಯೇ ವಿಚಾರಣೆಗೆ ಹೋದರು. 2013ರ ಮಾರ್ಚಿನಲ್ಲಿ ನ್ಯಾಯಾಲಯ ಅವರನ್ನು ಅಪರಾಧದಿಂದ ಖುಲಾಸೆ ಮಾಡಿತು, ನೈತಿಕ ಹೊಣೆ ಇದೆ ಎಂದೂ ಹೇಳಿತು. ಬೇರೆಯವರ ಕೈಯಲ್ಲಿ ಬರೆಸದೆ ತಾವೇ ಬರೆದ ಈ ಪುಸ್ತಕದಲ್ಲಿ ಬ್ಲೈತ್ ಆ ಎರಡನೆಯ ಮಾತಿನಿಂದ ತಪ್ಪಿಸಿಕೊಳ್ಳುವುದಿಲ್ಲ. ನೂಕುನುಗ್ಗಲು, ವೇದಿಕೆ ಹತ್ತಿ ಧುಮುಕುವುದು, ಕಾವಲಿನ ಕೊರತೆ ಇವೆಲ್ಲ ಅರಮನೆ ಮೈದಾನದ ಗುಂಪಿನಲ್ಲಿ ನಿಂತವರಿಗೆ ದೂರದ ಸಂಗತಿಗಳಲ್ಲ. ಈ ಪುಸ್ತಕವನ್ನು ಓದುವಾಗ ಹಲವೆಡೆ ನಿಲ್ಲಿಸಿ ಕೂತಿದ್ದೇನೆ.

ವಿದ್ವಾಂಸರ ಪುಸ್ತಕಗಳಲ್ಲಿ ರಾಬರ್ಟ್ ವಾಲ್ಸರ್ ಅವರ 'ರನ್ನಿಂಗ್ ವಿತ್ ದಿ ಡೆವಿಲ್' (1993) ಒಂದನ್ನಾದರೂ ಓದಲೇಬೇಕು. ಗಿಟಾರ್ ನುಡಿಸಬಲ್ಲ ಸಂಗೀತಶಾಸ್ತ್ರಜ್ಞರಾದ ಅವರು, ಎಡ್ಡಿ ವ್ಯಾನ್ ಹೇಲನ್ ಮೊದಲಾದವರ ವಾದನವನ್ನು ಸ್ವರಲಿಪಿಗೆ ಇಳಿಸಿ, ಯುರೋಪಿನ ಹಳೆಯ ಶಾಸ್ತ್ರೀಯ ಸಂಗೀತಗಾರರಾದ ವಿವಾಲ್ಡಿ ಮತ್ತು ಬಾಕ್ ಅವರ ಸಂಗೀತದಿಂದ ಈ ವಾದಕರು ಏನನ್ನು ಕಲಿತರೆಂದು ತೋರಿಸುತ್ತಾರೆ. ನಾರ್ವೆಯ ಚರ್ಚುಗಳಿಗೆ ಬೆಂಕಿ ಹಚ್ಚಿದ ಅಲ್ಲಿನ ಮೆಟಲ್ ಸಂಗೀತಗಾರರ ಕುರಿತ 'ಲಾರ್ಡ್ಸ್ ಆಫ್ ಕೇಯಾಸ್' (1998) ಹೆಚ್ಚು ಪ್ರಸಿದ್ಧವಾದರೂ, ಅಪರಾಧಿಗಳ ಮಾತಿಗೆ ಅದು ಕೊಡುವ ಜಾಗ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಈ ಆತ್ಮಕಥೆಗಳನ್ನು ಎಷ್ಟು ನಂಬಬಹುದು ಎಂದೂ ಕೆಲವರು ಕೇಳುತ್ತಾರೆ. ಬಹಳಷ್ಟನ್ನು ವೃತ್ತಿಪರ ಬರಹಗಾರರು ಕೇಳಿ ಬರೆದುಕೊಂಡಿದ್ದಾರೆ, ಆಝಿಯವರಂತೂ ತಮ್ಮ ನೆನಪು ಭರವಸೆಗೆ ಅರ್ಹವಲ್ಲವೆಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ಐರನ್ ಮೇಡನ್ ತಂಡದ ಬ್ರೂಸ್ ಡಿಕಿನ್ಸನ್ 2017ರ ತಮ್ಮ ಪುಸ್ತಕದಿಂದ ಮದುವೆ, ಮಕ್ಕಳು, ವಿಚ್ಛೇದನಗಳನ್ನು ಬೇಕೆಂದೇ ಹೊರಗಿಟ್ಟು, ವಿಮಾನ ಹಾರಿಸಿದ್ದನ್ನೂ 1994ರಲ್ಲಿ ಮುತ್ತಿಗೆಗೊಳಗಾಗಿದ್ದ ಬೋಸ್ನಿಯಾದ ಸರಾಯೆವೊ ನಗರದಲ್ಲಿ ಹಾಡಿದ್ದನ್ನೂ ವಿಸ್ತಾರವಾಗಿ ಬರೆದಿದ್ದಾರೆ. ಹೀಗಾಗಿ ಒಂದೇ ತಂಡದ ಇಬ್ಬರು ಮೂವರ ಪುಸ್ತಕಗಳನ್ನು ಬೆನ್ನುಬೆನ್ನಿಗೆ ಓದುವುದು ನನ್ನ ಪದ್ಧತಿ. ಹೊಸದಾಗಿ ಓದಲಿಚ್ಛಿಸುವವರು ಐಯೋಮಿ, ಬಟ್ಲರ್, ಆಝಿ ಈ ಕ್ರಮದಲ್ಲಿ ಆರಂಭಿಸಲಿ, ಜೊತೆಗೆ 1970ರ ಫೆಬ್ರವರಿಯಲ್ಲಿ ಬಂದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮನ್ನೂ ಕೇಳಲಿ. ಒಂದೇ ದಿನದಲ್ಲಿ ನುಡಿಸಿ ಮುಗಿಸಿದ ಆ ಧ್ವನಿಮುದ್ರಣದ ವಿವರ ಮೂವರಲ್ಲೂ ಬರುತ್ತದೆ. ಯಾರಿಗೆ ಏನು ನೆನಪಿದೆ ಎಂದು ಹೋಲಿಸಿ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.