ಜರ್ಮನ್ ಕಲಿಕೆ, ಒಂಬತ್ತನೇ ವಾರ: ಕೊನೆಯ ಪದ ಎರಡನೇ ಜಾಗಕ್ಕೆ

ಈ ವಾರ ಪೂರ್ತಿ ಮೋಡಲ್ ಕ್ರಿಯಾಪದಗಳಲ್ಲೇ, ಅಂದರೆ ನಮ್ಮ ‘ಬೇಕು’, ‘ಬಹುದು’ ತರಹ ಇನ್ನೊಂದು ಕ್ರಿಯಾಪದದ ಜೊತೆ ಬರುವ ಪದಗಳಲ್ಲೇ, ಕಳೆಯಿತು. ಮುಖ್ಯವಾದವು ಆರು: ಕ್ಯೋನೆನ್, ಮ್ಯುಸೆನ್, ಡ್ಯುರ್ಫೆನ್, ಜೋಲೆನ್, ವೋಲೆನ್, ಮ್ಯೋಗೆನ್. ರೂಪಗಳು ಎರಡೇ ದಿನದಲ್ಲಿ ಬಾಯಿಗೆ ಬಂದವು. ‘ನಾನು’, ‘ಅವನು’ ಎರಡಕ್ಕೂ ಒಂದೇ ರೂಪ. ‘ಬೇಕು’ ಅನ್ನುವ ಮ್ಯುಸೆನ್‌ಗೆ: ಇಷ್ ಮುಸ್, ಎರ್ ಮುಸ್. ನಮ್ಮಲ್ಲೂ ನಾನು ಹೋಗಬೇಕು, ಅವನು ಹೋಗಬೇಕು ಅಂತಲೇ ತಾನೇ ಅನ್ನುವುದು!

ಕಷ್ಟ ಕೊಟ್ಟಿದ್ದು ಪದಗಳ ಜಾಗ. ಇಷ್ಟು ದಿನ ಕನ್ನಡದಲ್ಲಿ ಹೊಳೆದದ್ದನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಜರ್ಮನ್‌ಗೆ ತರುತ್ತಿದ್ದೆ. ಹಾಗಾಗಿ ‘ನಾನು ಇವತ್ತು ಕೆಲಸ ಮಾಡಬೇಕು’ ಅನ್ನಲು ಪ್ರತಿ ಸಲ ‘ಇಷ್ ಮುಸ್ ಆರ್ಬೈಟೆನ್ ಹೊಯ್ಟೆ’ ಅಂತ ಬರೆದು, ಕೆಂಪು ಗೆರೆ ಹಾಕಿಸಿಕೊಳ್ಳುತ್ತಿದ್ದೆ. ಸರಿಯಾದದ್ದು ‘ಇಷ್ ಮುಸ್ ಹೊಯ್ಟೆ ಆರ್ಬೈಟೆನ್’: ಮುಸ್ ಎರಡನೇ ಜಾಗದಲ್ಲಿ, ಆರ್ಬೈಟೆನ್ ಕೊನೆಯಲ್ಲಿ.

ಬುಧವಾರ ರಾತ್ರಿ ‘ವೈಲ್’, ಅಂದರೆ ‘ಯಾಕೆಂದರೆ’, ಬರುವ ವಾಕ್ಯಗಳ ಅಭ್ಯಾಸಕ್ಕೆ ಕೂತೆ. ಇಲ್ಲಿ ಮೋಡಲ್ ಕ್ರಿಯಾಪದ ಕಟ್ಟಕಡೆಗೆ ಹೋಗುತ್ತದೆ: ‘ವೈಲ್ ಇಷ್ ಹೊಯ್ಟೆ ಆರ್ಬೈಟೆನ್ ಮುಸ್’. ಪೆನ್ಸಿಲ್‌ನಲ್ಲಿ ಒಂದೊಂದು ಪದದ ಕೆಳಗೂ ಕನ್ನಡ ಬರೆದೆ. ಇಷ್, ನಾನು. ಹೊಯ್ಟೆ, ಇವತ್ತು. ಆರ್ಬೈಟೆನ್, ಕೆಲಸ ಮಾಡ. ಮುಸ್, ಬೇಕು. ನಾನು ಇವತ್ತು ಕೆಲಸ ಮಾಡಬೇಕು. ‘ವೈಲ್’ ಬಿಟ್ಟರೆ ಒಂದು ಪದವೂ ಅದಲುಬದಲಾಗಿಲ್ಲ! ಆ ಹಾಳೆಯನ್ನು ಹರಿದು ಗೋಡೆಗೆ ಅಂಟಿಸಿದ್ದೇನೆ.

ಈಗ ಇಂಗ್ಲಿಷ್ ದಾರಿ ಬಿಟ್ಟಿದ್ದೇನೆ. ವಾಕ್ಯವನ್ನು ಕನ್ನಡದ ಕ್ರಮದಲ್ಲೇ ಜೋಡಿಸಿಕೊಂಡು, ಕೊನೆಯ ‘ಬೇಕು’ ಒಂದನ್ನು ಮಾತ್ರ ಎತ್ತಿ ಎರಡನೇ ಜಾಗದಲ್ಲಿ ಇಡುತ್ತೇನೆ. ‘ನಾನು ನಾಳೆ ಬೆಳಿಗ್ಗೆ ರೈಲಿನಲ್ಲಿ ಬರ್ಲಿನ್‌ಗೆ ಹೋಗಬೇಕು’ ಅನ್ನುವುದು ‘ಇಷ್ ಮುಸ್ ಮೊರ್ಗೆನ್ ಫ್ರ್ಯೂ ಮಿಟ್ ಡೇಮ್ ತ್ಸೂಗ್ ನಾಖ್ ಬರ್ಲಿನ್ ಫಾರೆನ್’ ಆಗುತ್ತದೆ. ಯಾವಾಗ, ಹೇಗೆ, ಎಲ್ಲಿಗೆ ಅನ್ನುವ ಸಾಲೂ ನಮ್ಮದೇ. ‘ರೈಲಿನಲ್ಲಿ’, ‘ಬರ್ಲಿನ್‌ಗೆ’ ಅನ್ನುವಲ್ಲಿ ನಮ್ಮ ಪ್ರತ್ಯಯ ಪದದ ಹಿಂದೆ ಬಂದರೆ ಅವರ ಮಿಟ್, ನಾಖ್ ಮುಂದೆ ಬರುತ್ತವೆ. ಅಷ್ಟೇ ವ್ಯತ್ಯಾಸ.

ಎರಡನೇ ಜಾಗ ಅಂದರೆ ಎರಡನೇ ಪದ ಅಲ್ಲ. ‘ಮೊರ್ಗೆನ್ ಫ್ರ್ಯೂ ಮುಸ್ ಇಷ್...’ ಅಂತ ಶುರು ಮಾಡಿದರೆ ಮೊದಲ ಎರಡು ಪದ ಸೇರಿ ಒಂದು ಜಾಗ, ಮುಸ್ ಎರಡನೆಯದು, ‘ನಾನು’ ಅದರ ಹಿಂದೆ. ಇದು ಅರ್ಥವಾಗಲು ನನಗೆ ಒಂದು ಸಂಜೆ ಬೇಕಾಯಿತು.

ಶುಕ್ರವಾರದ ಮಾತಿನ ಅಭ್ಯಾಸದಲ್ಲಿ ‘ಇಲ್ಲಿ ಗಾಡಿ ನಿಲ್ಲಿಸಬಾರದು’ ಅನ್ನಲು ಹೋಗಿ ‘ಮುಸ್ ನಿಷ್ಟ್’ ಅಂದುಬಿಟ್ಟೆ. ಹಾಗಂದರೆ ‘ನಿಲ್ಲಿಸಬೇಕಾಗಿಲ್ಲ’ ಅಂತ ಅರ್ಥ. ಬಾರದು ಅನ್ನಲು ‘ಡಾರ್ಫ್ ನಿಷ್ಟ್’ ಬೇಕು. ಇಂಗ್ಲಿಷಿನ ‘ಮಸ್ಟ್ ನಾಟ್’ ಕಿವಿಯಲ್ಲಿ ಕೂತಿದ್ದೇ ಈ ತಪ್ಪಿಗೆ ಕಾರಣ. ಬೇಕಿಲ್ಲ, ಬಾರದು ಅಂತ ಕನ್ನಡದಲ್ಲೇ ಯೋಚಿಸಿದ್ದರೆ ಎಡವುತ್ತಲೇ ಇರಲಿಲ್ಲ.

ನನ್ನ ಸೂತ್ರ ಮುರಿದುಬಿದ್ದ ಜಾಗವೂ ಸಿಕ್ಕಿದೆ. ‘ನನಗೆ ಬರಲು ಆಗಲಿಲ್ಲವಾದ್ದರಿಂದ’ ಅನ್ನಲು ಪರ್ಫೆಕ್ಟ್ ಕಾಲದಲ್ಲಿ, ಅಂದರೆ ‘ಹಾಬೆ’ ಸೇರಿಸಿ ಹೇಳುವ ಭೂತಕಾಲದಲ್ಲಿ, ‘ವೈಲ್ ಇಷ್ ನಿಷ್ಟ್ ಹಾಬೆ ಕೊಮೆನ್ ಕ್ಯೋನೆನ್’ ಅನ್ನಬೇಕು. ಕೊನೆಗೆ ಬರಬೇಕಿದ್ದ ಹಾಬೆ ಉಳಿದೆರಡು ಕ್ರಿಯಾಪದಗಳನ್ನು ದಾಟಿ ಮುಂದೆ ನಿಂತಿದೆ. ಸದ್ಯಕ್ಕೆ ಕ್ಯೋನೆನ್‌ನ ಸರಳ ಭೂತಕಾಲದ ರೂಪ ಕೊಂಟೆ ಹಾಕಿ ‘ವೈಲ್ ಇಷ್ ನಿಷ್ಟ್ ಕೊಮೆನ್ ಕೊಂಟೆ’ ಅನ್ನುತ್ತಿದ್ದೇನೆ. ಅದೂ ಸರಿ, ಮಾತಿನಲ್ಲಿ ಅದೇ ಹೆಚ್ಚು ಬಳಕೆ. ಹಾಬೆಯ ವಾಕ್ಯಗಳನ್ನು ದಿನಕ್ಕೆ ಐದರಂತೆ ಬರೆಯಲು ಸೋಮವಾರದಿಂದ ಹೊಸ ನೋಟ್‌ಬುಕ್ ತೆಗೆದಿಟ್ಟಿದ್ದೇನೆ.