ತಲೆನೋವಿಗೆ ಸಲ್ಫೈಟನ್ನು ದೂರುವ ಮೊದಲು ಪಿಎಚ್ ನೋಡಿ

ಹಣ್ಣಿನ ವೈನ್ ಘಟಕಕ್ಕೆ ಹೊಸದಾಗಿ ಸೇರುವವರ ಬಾಯಲ್ಲಿ ಮೊದಲು ಬರುವ ಮಾತು: "ಸಲ್ಫೈಟ್ ಹಾಕಿದ್ರೆ ತಲೆನೋವು ಬರುತ್ತಂತೆ ಸರ್, ಬಿಟ್ಬಿಡೋಣ." ಬಿಟ್ಟರೇ ತಲೆನೋವಿಗೆ ದಾರಿ ಮಾಡಿಕೊಟ್ಟಂತಾಗಬಹುದು.

ವೈನ್ ಕೆಡದಂತೆ ಹಾಕುವ ಈ ಸಲ್ಫೈಟ್ ತೊಂದರೆ ಕೊಡುವುದು ಮುಖ್ಯವಾಗಿ ಆಸ್ತಮಾ ಇರುವ ಕೆಲವರಿಗೆ, ಅದೂ ಉಬ್ಬಸದ ರೂಪದಲ್ಲಿ. ಸಾಮಾನ್ಯವಾಗಿ ಬಿಳಿ ವೈನಿಗೇ ಇದನ್ನು ಹೆಚ್ಚು ಹಾಕುತ್ತಾರೆ. ತಲೆನೋವಿನ ದೂರು ಬರುವುದು ಮಾತ್ರ ಕೆಂಪಿನ ಮೇಲೆ. ದ್ರಾಕ್ಷಿ ಸಿಪ್ಪೆಯ ಕ್ವೆರ್ಸೆಟಿನ್ ಎಂಬ ವಸ್ತು ಮದ್ಯಸಾರ ಕರಗಿಸುವ ಕಿಣ್ವಕ್ಕೆ ಅಡ್ಡಬರಬಹುದೆಂದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು 2023ರಲ್ಲಿ ಹೇಳಿದ್ದಾರೆ. ಅದು ಪ್ರಯೋಗಾಲಯದ ಮಟ್ಟದ ಮಾತು. ಮದ್ಯಸಾರವೇ ತಲೆನೋವು ತರುತ್ತದೆ ಎಂಬುದನ್ನಂತೂ ಯಾರೂ ನೆನೆಯುವುದಿಲ್ಲ.

ನಮ್ಮ ಕೈಯಲ್ಲಿ ತಡೆಯಲಾಗುವುದು ಹಿಸ್ಟಮಿನ್ ಎಂಬ ವಸ್ತುವನ್ನು. ಸೊರಬ, ಸಾಗರದ ಅನಾನಸ್ಸಾಗಲಿ ನೇರಳೆಯಾಗಲಿ, ಪೂರ್ತಿ ಕಳಿತರೆ ಹುಳಿ ಇಳಿದು ಪಿಎಚ್ (ಹುಳಿಯ ಅಳತೆ; ಹುಳಿ ಕಡಿಮೆಯಾದಷ್ಟೂ ಇದು ಹೆಚ್ಚು) ಏರುತ್ತದೆ. ಆಗ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಹಿಸ್ಟಿಡಿನ್ ಎಂಬ ಅಮೈನೊ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ. ಅದನ್ನು ಅರಗಿಸಿಕೊಳ್ಳಲಾಗದವರಿಗೆ ಮುಖ ಕೆಂಪೇರಿ ತಲೆ ಸಿಡಿಯಬಹುದು. ಬ್ಯಾಕ್ಟೀರಿಯಾವನ್ನು ತಡೆಯುವುದೇ ಸಲ್ಫೈಟಿನ ಕೆಲಸ.

ಎಷ್ಟು ಬೇಕೆಂಬುದನ್ನು ಪಿಎಚ್ ಹೇಳುತ್ತದೆ. ಪಿಎಚ್ 3.2 ಇದ್ದರೆ ಲೀಟರಿಗೆ ಸುಮಾರು 20 ಮಿ.ಗ್ರಾಂ ಮುಕ್ತ ಸಲ್ಫರ್ ಡೈಆಕ್ಸೈಡ್ (ಸಲ್ಫೈಟಿನಿಂದ ಬಂದು, ಬೇರೆ ಯಾವುದಕ್ಕೂ ಅಂಟಿಕೊಳ್ಳದೆ ಉಳಿದದ್ದು) ಸಾಕು. 3.5ಕ್ಕೆ 40, 3.8ಕ್ಕೆ 80. ಆದ್ದರಿಂದ ಮೊದಲು ಟಾರ್ಟಾರಿಕ್ ಅಥವಾ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಇಳಿಸಿ, ಆಮೇಲೆ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್, ಅಂದರೆ ಸಲ್ಫೈಟಿನ ಪುಡಿ) ಮುಟ್ಟಿ.

ಕೆಎಂಎಸ್‌ನ ತೂಕದಲ್ಲಿ ಸುಮಾರು ಶೇ 57 ಸಲ್ಫರ್ ಡೈಆಕ್ಸೈಡ್. 10 ಗ್ರಾಂ ಪುಡಿ ನೀರಲ್ಲಿ ಕರಗಿಸಿ 100 ಮಿ.ಲೀ. ಮಾಡಿದರೆ, ಅದರ 1 ಮಿ.ಲೀ. ಒಂದು ಲೀಟರ್ ರಸಕ್ಕೆ 57 ಮಿ.ಗ್ರಾಂ ಕೊಡುತ್ತದೆ. ಹಣ್ಣು ಜಜ್ಜಿದಾಗ ಲೀಟರಿಗೆ 50 ಮಿ.ಗ್ರಾಂ, ಅಂದರೆ 100 ಲೀಟರಿಗೆ 8.8 ಗ್ರಾಂ ಪುಡಿ. ಯೀಸ್ಟ್ ಹಾಕುವುದು 24 ಗಂಟೆ ಬಿಟ್ಟು. ನೊರೆ ಉಕ್ಕುವಾಗ ಮತ್ತೆ ಸುರಿಯಬೇಡಿ, ಹುದುಗುವಾಗ ಹುಟ್ಟುವ ಅಸಿಟಾಲ್ಡಿಹೈಡ್‌ಗೆ ಅಂಟಿಕೊಂಡು ವ್ಯರ್ಥವಾಗುತ್ತದೆ. ಮುಂದಿನ ಸರದಿ ಹುದುಗು ಪೂರ್ತಿ ನಿಂತು, ಗಷ್ಟು ಬಿಟ್ಟು ತಿಳಿ ತೆಗೆಯುವಾಗ.

ಆಗುಂಬೆ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಬಾಯಿ ತೆರೆದ ಪೊಟ್ಟಣ ತೇವ ಎಳೆದು ಗಟ್ಟಿಯಾಗುತ್ತದೆ, ಶಕ್ತಿ ಕುಂದುತ್ತದೆ. ಅದು ಕೈ ಕೊಟ್ಟಿತೆಂದು ಇನ್ನೊಂದು ಚಮಚ ಸುರಿದವರು, ಹೊಸ ಪೊಟ್ಟಣ ಒಡೆದ ಮೇಲೂ ಅದೇ ಚಮಚದ ಲೆಕ್ಕ ಇಟ್ಟುಕೊಳ್ಳುತ್ತಾರೆ. ಆಗ ಲೋಟ ಮೂಗಿಗೆ ಹಿಡಿದರೆ ಬೆಂಕಿಕಡ್ಡಿ ಗೀರಿದ ವಾಸನೆ. ಚಮಚ ಎಸೆದು ತಕ್ಕಡಿ ಇಡಿ. ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ತೆರೆದ ದಿನಾಂಕ ಬರೆಯಿರಿ.

ಅಳೆಯುವುದರಲ್ಲೂ ಮೋಸವಿದೆ. ಸಲ್ಫೈಟ್ ಎಷ್ಟು ಅಯೋಡಿನ್ ತಿನ್ನುತ್ತದೆಂದು ನೋಡುವ ಪರೀಕ್ಷೆಯಲ್ಲಿ ಅನಾನಸ್ಸಿನ ಸಿ ಜೀವಸತ್ವವೂ ಅಯೋಡಿನ್ ತಿನ್ನುವುದರಿಂದ ಇಲ್ಲದ ಸಲ್ಫೈಟ್ ಇದ್ದಂತೆ ತೋರುತ್ತದೆ. ನೇರಳೆಯ ಗಾಢ ಬಣ್ಣದಲ್ಲಿ ಪರೀಕ್ಷೆ ಮುಗಿಯಿತೆಂದು ತೋರಿಸುವ ಪಿಷ್ಟದ ನೀಲಿ ಕಾಣುವುದೇ ಇಲ್ಲ. ಇವೆರಡಕ್ಕೂ ಗಾಳಿ ಹಾಯಿಸಿ ಸಲ್ಫರ್ ಡೈಆಕ್ಸೈಡನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹಿಡಿಯುವ ವಿಧಾನವೇ ಸರಿ.